ವಾಯುಪಡೆಯ ಪೈಲಟ್‌ಗಳು ಸೇವೆ ತೊರೆಯುವುದೇಕೆ?

ಯುದ್ಧವಿಮಾನವನ್ನು ಹಣ ಕೊಟ್ಟು ಕೊಳ್ಳಬಹುದು. ಅದನ್ನು ಹಾರಿಸಬಲ್ಲ ಅನುಭವಿ ಪೈಲಟ್‌ನನ್ನು ಯಾವ ದೇಶವೂ ಮಾರುವುದಿಲ್ಲ. ಆತನನ್ನು ನಾವೇ ತಯಾರು ಮಾಡಬೇಕು, ತಯಾರಾದ ಮೇಲೆ ಸೇವೆಯಲ್ಲಿ ಉಳಿಸಿಕೊಳ್ಳಬೇಕು. ಈ ಎರಡು ಕೆಲಸಗಳಲ್ಲಿ ಎರಡನೆಯದೇ ಹೆಚ್ಚು ಕಷ್ಟದ್ದು ಎಂಬುದನ್ನು ಭಾರತೀಯ ವಾಯುಪಡೆಯ ಕಳೆದ ಎರಡು ದಶಕಗಳ ಅನುಭವ ತೋರಿಸಿಕೊಟ್ಟಿದೆ.

2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಈ ಸಮಸ್ಯೆಯನ್ನು ಅಂಕಿಗಳಲ್ಲಿ ಮುಂದಿಟ್ಟಿತು. 2015ರ ಫೆಬ್ರುವರಿಯಲ್ಲಿ ವಾಯುಪಡೆ ತಾನೇ ಲೆಕ್ಕ ಹಾಕಿಕೊಂಡಂತೆ ಪೈಲಟ್‌ಗಳ ಕೊರತೆ 486 ಇತ್ತು. ಅದನ್ನು ತುಂಬಲು 2016ರಿಂದ 2021ರವರೆಗೆ ಪ್ರತಿವರ್ಷ 222 ಮಂದಿ ತರಬೇತಿ ಪೈಲಟ್‌ಗಳನ್ನು ಸೇರಿಸಿಕೊಳ್ಳುವ ಯೋಜನೆ ಸಿದ್ಧವಾಯಿತು. ಆದರೆ ಸೇರಿದವರ ಸಂಖ್ಯೆ ಗುರಿ ಮುಟ್ಟಲಿಲ್ಲ. 2021ರ ಅಂತ್ಯಕ್ಕೆ ಕೊರತೆ ಕಡಿಮೆಯಾಗುವ ಬದಲು 596ಕ್ಕೆ ಏರಿತ್ತು.

ಒಂದು ಕಡೆ ನಲ್ಲಿಯಿಂದ ಬರುವ ನೀರು ಸಾಲದು, ಇನ್ನೊಂದು ಕಡೆ ತೊಟ್ಟಿಯ ತಳದಲ್ಲಿ ಸೋರಿಕೆ. ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಎಂಟುನೂರರಷ್ಟು ಪೈಲಟ್‌ಗಳು ಸ್ವಇಚ್ಛೆಯಿಂದ ವಾಯುಪಡೆ ತೊರೆದಿದ್ದಾರೆಂಬ ಮಾಹಿತಿ 2020ರಲ್ಲಿ ಮಾಹಿತಿ ಹಕ್ಕಿನಡಿ ಹೊರಬಿದ್ದಿತ್ತು. ಸುಮಾರು ನಾಲ್ಕು ಸಾವಿರ ಪೈಲಟ್‌ಗಳಿರುವ ಒಂದು ಪಡೆಗೆ ಇದು ಸಣ್ಣ ಸಂಖ್ಯೆಯಲ್ಲ. ಹೀಗೆ ಹೊರಟವರಲ್ಲಿ ಗಣನೀಯ ಸಂಖ್ಯೆಯವರು ಖಾಸಗಿ ವಿಮಾನಯಾನ ಸಂಸ್ಥೆಗಳತ್ತ ಮುಖ ಮಾಡಿದವರು.

ಹಾಗಾದರೆ ಇದು ಕೇವಲ ಸಂಬಳದ ಪ್ರಶ್ನೆಯೇ? ದೇಶಪ್ರೇಮಕ್ಕೂ ದುಡ್ಡಿಗೂ ನಡುವಿನ ಜಗ್ಗಾಟವೇ? ಸಾರ್ವಜನಿಕ ಚರ್ಚೆ ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತದೆ. ವಾಸ್ತವ ಅದಕ್ಕಿಂತ ಸಂಕೀರ್ಣವಾಗಿದೆ.

ಒಬ್ಬ ಪೈಲಟ್ ತಯಾರಾಗುವ ಬಗೆ

ವಾಯುಪಡೆಯ ಪೈಲಟ್‌ನ ತರಬೇತಿಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಹೈದರಾಬಾದ್ ಸಮೀಪದ ದುಂಡಿಗಲ್ ಅಕಾಡೆಮಿಯಲ್ಲಿ ಮೊದಲ ಪಾಠ ಮುಗಿಸಿದ ಅಭ್ಯರ್ಥಿಗಳು ಮೂರು ಕವಲುಗಳಾಗಿ ಒಡೆಯುತ್ತಾರೆ. ಯುದ್ಧವಿಮಾನ ವಿಭಾಗಕ್ಕೆ ಆಯ್ಕೆಯಾದವರು ಬೀದರ್‌ಗೆ ಬಂದು ಹಾಕ್ ಜೆಟ್ ತರಬೇತಿ ವಿಮಾನಗಳಲ್ಲಿ ಪಳಗುತ್ತಾರೆ. ಸಾಗಣೆ ವಿಮಾನಗಳನ್ನು ಹಾರಿಸಲಿರುವವರಿಗೆ ಬೆಂಗಳೂರಿನ ಯಲಹಂಕ ನೆಲೆ ಪಾಠಶಾಲೆ. ಹೆಲಿಕಾಪ್ಟರ್ ವಿಭಾಗದವರ ಕಲಿಕೆ ಹಕೀಂಪೇಟೆಯಲ್ಲಿ ಆರಂಭವಾಗುತ್ತದೆ. ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ ಇರುವುದೂ ಬೆಂಗಳೂರಿನಲ್ಲೇ.

ಅಕಾಡೆಮಿಯಿಂದ ಹೊರಬಂದು ಎದೆಯ ಮೇಲೆ ರೆಕ್ಕೆಯ ಲಾಂಛನ ಧರಿಸಿದ ಮಾತ್ರಕ್ಕೆ ಪೈಲಟ್ ಯುದ್ಧಕ್ಕೆ ಸಿದ್ಧನಾದಂತಲ್ಲ. ಸ್ಕ್ವಾಡ್ರನ್ ಸೇರಿದ ಮೇಲೆ ಹಗಲು ಹಾರಾಟ, ರಾತ್ರಿ ಹಾರಾಟ, ಶಸ್ತ್ರ ಪ್ರಯೋಗ, ಆಗಸದಲ್ಲೇ ಇಂಧನ ತುಂಬಿಸಿಕೊಳ್ಳುವುದು, ಜೊತೆಗಾರ ವಿಮಾನಗಳನ್ನು ಮುನ್ನಡೆಸುವುದು ಹೀಗೆ ಒಂದೊಂದೇ ಮೆಟ್ಟಿಲು ಏರಬೇಕು. ಕಿರಿಯರಿಗೆ ಕಲಿಸುವ, ಕಾರ್ಯಾಚರಣೆಯ ನೇತೃತ್ವ ವಹಿಸುವ ಹಂತ ತಲುಪಲು ಹಲವು ವರ್ಷಗಳೇ ಹಿಡಿಯುತ್ತವೆ. ಹೀಗೆ ಹಣ್ಣಾದ ಅನುಭವಿಗಳನ್ನೇ ವಿಮಾನಯಾನ ಸಂಸ್ಥೆಗಳೂ ಬಯಸುತ್ತವೆ ಎಂಬಲ್ಲಿ ಸಮಸ್ಯೆಯ ತಿರುಳಿದೆ.

ತರಬೇತಿಯ ವೆಚ್ಚ ಎಷ್ಟಾದೀತು? ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ ಆ ದೇಶದ ವಾಯುಪಡೆಗಾಗಿ 2019ರಲ್ಲಿ ನಡೆಸಿದ ಅಧ್ಯಯನ ಒಂದು ಅಂದಾಜು ನೀಡುತ್ತದೆ. ಸಿ-17 ಸಾಗಣೆ ವಿಮಾನದ ಪೈಲಟ್‌ಗೆ ಮೂಲ ಅರ್ಹತೆ ಬರುವವರೆಗೆ ತಗಲುವ ಖರ್ಚು ಸುಮಾರು 11 ಲಕ್ಷ ಡಾಲರ್, ಎಫ್-16 ಪೈಲಟ್‌ಗೆ 56 ಲಕ್ಷ ಡಾಲರ್, ಎಫ್-22 ಪೈಲಟ್‌ಗೆ 109 ಲಕ್ಷ ಡಾಲರ್. ಭಾರತದ ಖರ್ಚು ಇದೇ ಆಗಿರಬೇಕೆಂದಿಲ್ಲ. ಆದರೆ ಇಲ್ಲಿಯೂ ಮೊತ್ತ ಸಣ್ಣದಲ್ಲ ಎಂಬುದಕ್ಕೆ ಒಂದು ಸುಳಿವಿದೆ. 2022ರಲ್ಲಿ ವಾಯುಪಡೆಯಲ್ಲಿ ಅಧಿಕಾರಿಗಳ ಹೊಸ ಶಸ್ತ್ರಾಸ್ತ್ರ ವ್ಯವಸ್ಥೆ ಶಾಖೆ ಆರಂಭಿಸುವ ನಿರ್ಧಾರ ಪ್ರಕಟವಾದಾಗ, ಹಾರಾಟ ತರಬೇತಿಯ ವೆಚ್ಚ ತಗ್ಗುವುದರಿಂದ 3,400 ಕೋಟಿ ರೂಪಾಯಿಗೂ ಹೆಚ್ಚು ಉಳಿತಾಯವಾಗಲಿದೆ ಎಂದು ಹೇಳಲಾಗಿತ್ತು.

ತರಬೇತಿ ವಿಮಾನಗಳ ಅಭಾವವೂ ಈ ಕಥೆಯ ಒಂದು ಭಾಗ. ದಶಕಗಳ ಕಾಲ ಬಳಕೆಯಲ್ಲಿದ್ದ ಎಚ್‌ಪಿಟಿ-32 ವಿಮಾನಗಳನ್ನು ಮಾರಕ ಅಪಘಾತದ ಬಳಿಕ 2009ರಲ್ಲಿ ನೆಲಕ್ಕಿಳಿಸಲಾಯಿತು. ಅದರ ಜಾಗಕ್ಕೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಸೇವೆಗೆ ಬಂದದ್ದು 2013ರಲ್ಲಿ. ನಡುವಿನ ನಾಲ್ಕು ವರ್ಷ ಆರಂಭಿಕ ತರಬೇತಿ ಇಕ್ಕಟ್ಟಿನಲ್ಲಿ ಸಾಗಿತು. ಪಿಲಾಟಸ್‌ನಲ್ಲೂ ತೊಡಕು ತಪ್ಪಲಿಲ್ಲ. 64 ವಿಮಾನಗಳ ಪೈಕಿ 16ರಲ್ಲಿ 2013ರಿಂದ 2021ರ ನಡುವೆ ಎಂಜಿನ್ ತೈಲ ಸೋರಿಕೆಯ 38 ಪ್ರಕರಣಗಳು ನಡೆದವೆಂದು ಮಹಾಲೇಖಪಾಲರ ವರದಿ ದಾಖಲಿಸಿದೆ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ತರಬೇತಿ ವಿಮಾನಗಳಿಗೆ 2023ರಲ್ಲಿ ಬೇಡಿಕೆ ಸಲ್ಲಿಸಲಾಗಿದ್ದು, ಒಟ್ಟು 70 ವಿಮಾನಗಳು ಬರಬೇಕಿವೆ. ಹೊಸಬರನ್ನು ತಯಾರಿಸುವ ವೇಗ ಇಷ್ಟು ಸೀಮಿತವಾಗಿರುವಾಗ, ಇರುವ ಅನುಭವಿಗಳನ್ನು ಕಳೆದುಕೊಳ್ಳುವುದು ಇಮ್ಮಡಿ ನಷ್ಟ.

ಸಂಬಳದ ಲೆಕ್ಕಾಚಾರ

ಏಳನೇ ವೇತನ ಆಯೋಗದ ರಚನೆಯಂತೆ ಹೊಸದಾಗಿ ಸೇರುವ ಫ್ಲೈಯಿಂಗ್ ಆಫೀಸರ್‌ನ ಮೂಲವೇತನ ತಿಂಗಳಿಗೆ 56,100 ರೂಪಾಯಿ. ಸ್ಕ್ವಾಡ್ರನ್ ಲೀಡರ್‌ಗೆ ಇದು 69,400ರಿಂದ, ವಿಂಗ್ ಕಮಾಂಡರ್‌ಗೆ 1,21,200ರಿಂದ ಆರಂಭವಾಗುತ್ತದೆ. ಇದರ ಮೇಲೆ ಸೇನಾ ಸೇವಾ ವೇತನವೆಂದು 15,500 ರೂಪಾಯಿ ಸಿಗುತ್ತದೆ. ಸೈನಿಕ ಬದುಕಿನ ವಿಶೇಷ ಕಷ್ಟಗಳಿಗೆ ಪರಿಹಾರವಾಗಿ ಆರನೇ ವೇತನ ಆಯೋಗದ ಕಾಲದಲ್ಲಿ ಈ ವೇತನ ಜಾರಿಗೆ ಬಂದಾಗ ಅಧಿಕಾರಿಗಳಿಗೆ ನಿಗದಿಯಾಗಿದ್ದ ಮೊತ್ತ 6,000 ರೂಪಾಯಿ.

ಪೈಲಟ್‌ಗಳಿಗೆ ಇವೆಲ್ಲದರ ಜೊತೆಗೆ ಹಾರಾಟ ಭತ್ಯೆ ಉಂಟು. 2017ರಲ್ಲಿ ಕೇಂದ್ರ ಸರ್ಕಾರ ಭತ್ಯೆಗಳನ್ನು ಪರಿಷ್ಕರಿಸಿದಾಗ ವಾಯುಪಡೆ ಸಿಬ್ಬಂದಿಯ ಹಾರಾಟ ಭತ್ಯೆಯನ್ನು ತಿಂಗಳಿಗೆ 10,500-15,750 ರೂಪಾಯಿಯಿಂದ 17,300-25,000 ರೂಪಾಯಿಗೆ ಏರಿಸಿತು. ಇದರಲ್ಲಿ ಮೇಲಿನ ದರ ಅಧಿಕಾರಿಗಳದು.

ಒಟ್ಟು ಲೆಕ್ಕ ಹಾಕಿ ನೋಡೋಣ. ವಿಂಗ್ ಕಮಾಂಡರ್ ಹುದ್ದೆಗೆ ಆಗಷ್ಟೇ ಏರಿದ ಪೈಲಟ್‌ನ ಮೂಲವೇತನ ಮತ್ತು ಸೇನಾ ಸೇವಾ ವೇತನ ಕೂಡಿದರೆ 1,36,700 ರೂಪಾಯಿ. ಇದರ ಮೇಲೆ 2025ರ ಜುಲೈನಿಂದ ಅನ್ವಯವಾದ ಶೇ. 58ರ ದರದಲ್ಲಿ ತುಟ್ಟಿಭತ್ಯೆ 79 ಸಾವಿರ ರೂಪಾಯಿ ದಾಟುತ್ತದೆ. ಹಾರಾಟ ಭತ್ಯೆಯನ್ನೂ ಸೇರಿಸಿದರೆ ತೆರಿಗೆಗೆ ಮೊದಲು ಎರಡೂವರೆ ಲಕ್ಷ ರೂಪಾಯಿಯ ಆಸುಪಾಸು ಆಗುತ್ತದೆ. ಸರ್ಕಾರಿ ವಸತಿ, ವೈದ್ಯಕೀಯ ಸೌಲಭ್ಯ, ಕ್ಯಾಂಟೀನ್, ಮುಂದಿನ ಪಿಂಚಣಿ ಇವು ಬೇರೆ.

ಸಾಮಾನ್ಯ ಮಧ್ಯಮವರ್ಗದ ಕಣ್ಣಿಗೆ ಇದು ಕಡಿಮೆ ಸಂಬಳವೇನೂ ಅಲ್ಲ. ಆದರೆ ಉದ್ಯೋಗಿ ತನ್ನ ಸಂಬಳವನ್ನು ಅಳೆಯುವುದು ತನ್ನದೇ ಕೌಶಲಕ್ಕೆ ಪೇಟೆಯಲ್ಲಿರುವ ಬೆಲೆಯ ಜೊತೆಗೆ. ದೊಡ್ಡ ವಿಮಾನಯಾನ ಸಂಸ್ಥೆಯ ಹಿರಿಯ ಕ್ಯಾಪ್ಟನ್ ತಿಂಗಳಿಗೆ ಹಲವು ಲಕ್ಷ ರೂಪಾಯಿ ಗಳಿಸುತ್ತಾನೆ. ಅದೇ ಅಕಾಡೆಮಿಯಲ್ಲಿ ಜೊತೆಗೆ ಕಲಿತ ಗೆಳೆಯ ಆ ಸ್ಥಾನದಲ್ಲಿರುವಾಗ ಹೋಲಿಕೆ ಮನೆಯೊಳಗೇ ಬಂದು ಕೂರುತ್ತದೆ.

ನಲವತ್ತೆರಡರ ತಿರುವು

ಸೇವೆ ತೊರೆಯುವ ನಿರ್ಧಾರಕ್ಕೆ ವಯಸ್ಸಿನ ಲೆಕ್ಕವೂ ಕಾರಣ. ಇಪ್ಪತ್ತೆರಡನೇ ವಯಸ್ಸಿಗೆ ಅಧಿಕಾರಿಯಾದವನು, ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸಿನಂತೆ 2004ರ ಕೊನೆಯಲ್ಲಿ ಜಾರಿಗೆ ಬಂದ ಕಾಲಬದ್ಧ ಬಡ್ತಿಯಲ್ಲಿ, 13 ವರ್ಷಗಳ ಸೇವೆಗೆ ವಿಂಗ್ ಕಮಾಂಡರ್ ಆಗುತ್ತಾನೆ. ಆಗ ಅವನಿಗೆ 35 ವರ್ಷ. ಅಲ್ಲಿಂದ ಮೇಲಕ್ಕೆ ಗ್ರೂಪ್ ಕ್ಯಾಪ್ಟನ್ ಹುದ್ದೆ ಆಯ್ಕೆಯ ಮೂಲಕ ದೊರೆಯುವಂಥದು. ಮೇಲೇರಿದಷ್ಟೂ ಕುರ್ಚಿಗಳು ಕಡಿಮೆ. ಆಯ್ಕೆ ತಪ್ಪಿದವರಿಗೆ ಮುಂದಿನ ಹದಿನೈದಿಪ್ಪತ್ತು ವರ್ಷ ಹೇಗಿರಲಿದೆ ಎಂಬುದು ಸ್ಪಷ್ಟವಾಗಿ ಕಾಣತೊಡಗುತ್ತದೆ.

ಇಪ್ಪತ್ತು ವರ್ಷಗಳ ಅರ್ಹ ಸೇವೆ ಪೂರ್ಣಗೊಂಡರೆ ಅಧಿಕಾರಿಗೆ ಪಿಂಚಣಿ ಹಕ್ಕು ಬರುತ್ತದೆ. ಅಂದರೆ 42ರ ವಯಸ್ಸಿನಲ್ಲಿ ಒಂದು ಕೈಯಲ್ಲಿ ಪಿಂಚಣಿ, ಇನ್ನೊಂದು ಕೈಯಲ್ಲಿ ನಾಗರಿಕ ವಿಮಾನಯಾನದ ಅವಕಾಶ. ಭಾರತದಲ್ಲಿ ವಾಣಿಜ್ಯ ವಿಮಾನದ ಪೈಲಟ್ 65 ವರ್ಷದವರೆಗೆ ಹಾರಬಹುದು. ಹೀಗಾಗಿ ಅವನ ಮುಂದೆ 23 ವರ್ಷಗಳ ಎರಡನೇ ವೃತ್ತಿಜೀವನ ತೆರೆದುಕೊಂಡಿರುತ್ತದೆ. ವಿಮಾನಯಾನ ಸಂಸ್ಥೆಗಳಲ್ಲಿ ಹಿರಿತನವನ್ನು ಸೇರಿದ ದಿನದಿಂದ ಎಣಿಸುವುದು ರೂಢಿ. ಆದ್ದರಿಂದ ಐದು ವರ್ಷ ತಡವಾಗಿ ಹೋದರೆ ಐದು ವರ್ಷಗಳ ಹಿರಿತನ ಕಳೆದುಕೊಂಡಂತೆ. ಹೋಗುವುದಿದ್ದರೆ ಬೇಗ ಹೋಗು ಎಂದು ಆ ವ್ಯವಸ್ಥೆಯೇ ಕಿವಿಯಲ್ಲಿ ಹೇಳುತ್ತದೆ.

ಅಲ್ಪಾವಧಿ ಸೇವೆಯ ಪೈಲಟ್‌ಗಳ ಸ್ಥಿತಿ ಬೇರೆ. ಅವರ ಅವಧಿ 14 ವರ್ಷ. ಅದು ಮುಗಿದಾಗ ಪಿಂಚಣಿಯೂ ಇಲ್ಲ. ಮೂವತ್ತೇಳರ ಆಸುಪಾಸಿನಲ್ಲಿ, ಕೌಶಲ ಉತ್ತುಂಗದಲ್ಲಿರುವಾಗಲೇ ಅವರು ಹೊರಹೋಗಬೇಕು. ಇಲ್ಲಿ ಪೈಲಟ್ ಸೇವೆ ತೊರೆಯುತ್ತಿದ್ದಾನೆ ಎನ್ನುವುದಕ್ಕಿಂತ ಸೇವೆಯೇ ಪೈಲಟ್‌ನನ್ನು ಬಿಟ್ಟುಕೊಡುತ್ತಿದೆ ಎನ್ನುವುದು ಸರಿಯಾದೀತು.

ಹಣದಾಚೆಗಿನ ಕಾರಣಗಳು

ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ ವಾಯುಪಡೆಯ ಕುಟುಂಬಗಳಿಗೆ ಸಾಮಾನ್ಯ ಸಂಗತಿ. ತೇಜ್‌ಪುರದಿಂದ ಜೋಧಪುರಕ್ಕೆ, ಅಲ್ಲಿಂದ ಬೀದರ್‌ಗೆ ಮನೆ ಎತ್ತಬೇಕು. ಸಂಗಾತಿಯ ಉದ್ಯೋಗ ಒಂದು ಕಡೆ ನೆಲೆಯೂರುವುದಿಲ್ಲ. ಮಕ್ಕಳು ಹತ್ತನೇ ತರಗತಿ, ಪಿಯುಸಿ ತಲುಪುವ ಹೊತ್ತಿಗೆ ಈ ಅಲೆದಾಟದ ಬೆಲೆ ಏರುತ್ತದೆ. ಅಧಿಕಾರಿಯ ಇಪ್ಪತ್ತು ವರ್ಷಗಳ ಸೇವೆಯೂ ಬಹುತೇಕ ಅದೇ ಹೊತ್ತಿಗೆ ಪೂರ್ಣಗೊಳ್ಳುತ್ತದೆ.

ಎರಡನೆಯದು ಹಾರಾಟವೇ ಕಡಿಮೆಯಾಗುವುದು. ಹುದ್ದೆ ಏರಿದಂತೆ ಕಡತ, ತಪಾಸಣೆ, ಆಡಳಿತದ ಹೊರೆ ಹೆಚ್ಚುತ್ತದೆ. ಹಾರುವ ಆಸೆಯಿಂದ ಬಂದವನು ಮೇಜಿನ ಹಿಂದೆ ಕೂರುತ್ತಾನೆ. ನಾಗರಿಕ ವಿಮಾನದ ಕ್ಯಾಪ್ಟನ್ ನಿವೃತ್ತಿಯ ದಿನದವರೆಗೂ ಹಾರುತ್ತಲೇ ಇರುತ್ತಾನೆ. ಕೆಲಸ ಮುಗಿಸಿ ಇಳಿದ ಮೇಲೆ ಆತನಿಗೆ ಕಡತದ ಚಿಂತೆ ಇಲ್ಲ. ಅವನ ಕೆಲಸದ ಗಂಟೆ ಮತ್ತು ವಿಶ್ರಾಂತಿಗೆ ಸರ್ಕಾರಿ ನಿಯಮದ ಕಾವಲೂ ಉಂಟು.

ಮೂರನೆಯದು ಅಪಾಯ. 2017ರಿಂದ 2022ರ ಅವಧಿಯಲ್ಲಿ ವಾಯುಪಡೆಯಲ್ಲಿ 34 ವಿಮಾನ ಅಪಘಾತಗಳು ಸಂಭವಿಸಿದವೆಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ 2024ರ ವರದಿಯಲ್ಲಿ ದಾಖಲಿಸಿದೆ. ಸೇರುವಾಗಲೇ ಅಪಾಯವನ್ನು ಒಪ್ಪಿಕೊಂಡು ಬಂದವರು ಅವರು, ನಿಜ. ಆದರೆ ಇಪ್ಪತ್ತೆರಡರಲ್ಲಿ ಒಬ್ಬಂಟಿಯಾಗಿ ಒಪ್ಪಿಕೊಂಡ ಅಪಾಯವನ್ನು ನಲವತ್ತೆರಡರಲ್ಲಿ ಹೆಂಡತಿ ಮಕ್ಕಳ ಎದುರು ಮತ್ತೆ ತೂಗಿ ನೋಡುವುದು ಸಹಜ.

ವಿಮಾನಯಾನದ ಸೆಳೆತ

ಸೋರಿಕೆಯ ವೇಗ ವಿಮಾನಯಾನ ಕ್ಷೇತ್ರದ ಏರಿಳಿತವನ್ನೇ ಅನುಸರಿಸುತ್ತದೆ. 2003ರಲ್ಲಿ ಸೇನೆಯ ನಿವೃತ್ತ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿ ಅಗ್ಗದ ವಿಮಾನಯಾನಕ್ಕೆ ನಾಂದಿ ಹಾಡಿದರು. 2005ರಲ್ಲಿ ಕಿಂಗ್‌ಫಿಷರ್ ಮತ್ತು ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೋ ಬಂದವು. ಕೆಲವೇ ವರ್ಷಗಳಲ್ಲಿ ಪೈಲಟ್‌ಗಳಿಗೆ ಹಿಂದೆಂದೂ ಇಲ್ಲದ ಬೇಡಿಕೆ ಹುಟ್ಟಿತು.

ಬಳಿಕ 2012ರಲ್ಲಿ ಕಿಂಗ್‌ಫಿಷರ್ ಸ್ಥಗಿತಗೊಂಡಿತು, 2019ರಲ್ಲಿ ಜೆಟ್ ಏರ್‌ವೇಸ್ ನೆಲಕಚ್ಚಿತು, 2020ರಲ್ಲಿ ಕೋವಿಡ್ ಇಡೀ ಕ್ಷೇತ್ರವನ್ನೇ ನಿಲ್ಲಿಸಿತು. ಖಾಸಗಿ ನೌಕರಿಗೆ ಹೋಗಿದ್ದವರಲ್ಲಿ ಅನೇಕರು ಸಂಬಳವಿಲ್ಲದ ತಿಂಗಳುಗಳನ್ನೂ ಕಂಡರು. ಸರ್ಕಾರಿ ಸಮವಸ್ತ್ರದ ಭದ್ರತೆ ಏನೆಂಬುದು ಅಂಥ ಕಾಲದಲ್ಲಿ ಅರಿವಾಗುತ್ತದೆ. ಆದರೆ ಮಾರುಕಟ್ಟೆ ಚೇತರಿಸಿಕೊಂಡ ಕೂಡಲೇ ಆ ನೆನಪು ಮಾಸುತ್ತದೆ.

ಈಗ ಚೇತರಿಕೆ ದೊಡ್ಡ ಪ್ರಮಾಣದಲ್ಲಿದೆ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಅದೇ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಪ್ರಕಟಿಸಿದವು. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ದೇಶಕ್ಕೆ 30 ಸಾವಿರ ಪೈಲಟ್‌ಗಳು ಬೇಕಾಗುತ್ತಾರೆಂದು ನಾಗರಿಕ ವಿಮಾನಯಾನ ಸಚಿವಾಲಯ ಹೇಳಿದೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಹಾರಾಟ ಸಾಮೂಹಿಕವಾಗಿ ರದ್ದಾಗಿ ಬೆಂಗಳೂರು ಸೇರಿದಂತೆ ದೇಶದ ನಿಲ್ದಾಣಗಳಲ್ಲಿ ಪ್ರಯಾಣಿಕರು ಪರದಾಡಿದ್ದನ್ನು ಓದುಗರು ಮರೆತಿರಲಾರರು. ಪೈಲಟ್‌ಗಳ ವಾರದ ಕಡ್ಡಾಯ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದ್ದೂ ಸೇರಿದಂತೆ ಬಿಗಿಯಾದ ಹೊಸ ನಿಯಮಗಳಿಗೆ ತಕ್ಕಷ್ಟು ಸಿಬ್ಬಂದಿಯನ್ನು ಹೊಂದಿಸಲಾಗದ್ದು ಅದಕ್ಕೆ ಮುಖ್ಯ ಕಾರಣವಾಗಿತ್ತು. ವಿಶ್ರಾಂತಿ ಹೆಚ್ಚಿದರೆ ಅಷ್ಟೇ ವಿಮಾನಗಳಿಗೆ ಹೆಚ್ಚು ಪೈಲಟ್‌ಗಳು ಬೇಕು. ಪ್ರಯಾಣಿಕರ ಸುರಕ್ಷತೆಗೆ ಒಳ್ಳೆಯದಾದ ಈ ನಿಯಮ ವಾಯುಪಡೆಯ ಮೇಲಿನ ಸೆಳೆತವನ್ನು ಇನ್ನಷ್ಟು ಬಲಗೊಳಿಸುತ್ತದೆ.

ಖಾಸಗಿ ಸಂಸ್ಥೆಗಳೂ ತಮ್ಮ ಪೈಲಟ್‌ಗಳನ್ನು ಉಳಿಸಿಕೊಳ್ಳಲು ನಿಯಮದ ಆಸರೆ ಪಡೆದಿವೆ ಎಂಬುದು ಗಮನಾರ್ಹ. 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಕ್ಯಾಪ್ಟನ್‌ಗಳು ರಾಜೀನಾಮೆಗೆ ಒಂದು ವರ್ಷ, ಸಹಪೈಲಟ್‌ಗಳು ಆರು ತಿಂಗಳು ಮುಂಚಿತ ಸೂಚನೆ ನೀಡಬೇಕೆಂದು ಕಡ್ಡಾಯಗೊಳಿಸಿತು.

ಎಲ್ಲ ಸೇನಾ ಪೈಲಟ್‌ಗಳ ಮೇಲೂ ಈ ಸೆಳೆತ ಒಂದೇ ಸಮನಾಗಿಲ್ಲ. ಬಹುಎಂಜಿನ್ ಸಾಗಣೆ ವಿಮಾನ ಹಾರಿಸಿದವರ ಅನುಭವ ಪ್ರಯಾಣಿಕ ವಿಮಾನಕ್ಕೆ ನೇರವಾಗಿ ಒಗ್ಗುತ್ತದೆ, ಅವರ ಹಾರಾಟದ ಗಂಟೆಗಳೂ ಹೆಚ್ಚು. ಯುದ್ಧವಿಮಾನದ ಪೈಲಟ್‌ನ ಒಂದೊಂದು ಹಾರಾಟದ ಅವಧಿ ಚಿಕ್ಕದು, ಗಂಟೆಗಳು ನಿಧಾನವಾಗಿ ಕೂಡುತ್ತವೆ. ಇಂಥ ವ್ಯತ್ಯಾಸವನ್ನು ಗಮನಿಸದೆ ಎಲ್ಲರಿಗೂ ಒಂದೇ ಮದ್ದು ಕೊಡುವುದು ಫಲಕಾರಿಯಾಗದು.

ತಡೆಹಿಡಿಯಲು ಸಾಧ್ಯವೇ?

ಸೇನಾ ಅಧಿಕಾರಿಗೆ ಇಷ್ಟಬಂದಾಗ ರಾಜೀನಾಮೆ ಕೊಟ್ಟು ಹೊರಡುವ ಹಕ್ಕಿಲ್ಲ. ಅವಧಿಗೆ ಮುನ್ನ ನಿವೃತ್ತಿಗೆ ಅನುಮತಿ ಬೇಕು. ಸೇವೆಯ ಅಗತ್ಯ ನೋಡಿಕೊಂಡು ಅದನ್ನು ನಿರಾಕರಿಸಬಹುದು. ಬ್ಯಾಂಕ್ ಅಧಿಕಾರಿಯ ನೌಕರಿ ಸಿಕ್ಕ ವಾಯುಪಡೆಯ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ, ಪಡೆ ತೊರೆಯುವುದು ಅನಿರ್ಬಂಧಿತ ಹಕ್ಕಲ್ಲ ಎಂದು ಸ್ಪಷ್ಟಪಡಿಸಿತು.

ಕಾನೂನಿನ ಈ ಬೇಲಿ ಜನರನ್ನು ಒಳಗೆ ಇಡಬಲ್ಲದು, ಮನಸ್ಸನ್ನು ಇಡಲಾರದು. ಹೋಗಬೇಕೆಂದು ನಿರ್ಧರಿಸಿದವನನ್ನು ಕಟ್ಟಿಹಾಕಿ ಶಬ್ದಾತೀತ ವೇಗದ ವಿಮಾನದಲ್ಲಿ ಕೂರಿಸುವುದು ಸುರಕ್ಷಿತವೂ ಅಲ್ಲ, ವಿವೇಕವೂ ಅಲ್ಲ.

2020ರ ನವೆಂಬರ್‌ನಲ್ಲಿ ಸೇನಾ ವ್ಯವಹಾರಗಳ ಇಲಾಖೆ ಬೇರೊಂದು ದಾರಿ ಸೂಚಿಸಿತ್ತು. 20ರಿಂದ 25 ವರ್ಷ ಸೇವೆ ಸಲ್ಲಿಸಿ ಹೊರಡುವವರಿಗೆ ಅರ್ಹ ಪಿಂಚಣಿಯ ಶೇ. 50, 26ರಿಂದ 30 ವರ್ಷದವರಿಗೆ ಶೇ. 60, 31ರಿಂದ 35 ವರ್ಷದವರಿಗೆ ಶೇ. 75, ಅದಕ್ಕೂ ಮೇಲ್ಪಟ್ಟವರಿಗೆ ಮಾತ್ರ ಪೂರ್ಣ ಪಿಂಚಣಿ ನೀಡುವ ಪ್ರಸ್ತಾವ ಅದು. ವಿಶೇಷ ಕೌಶಲ ಪಡೆದವರು ಬೇರೆಡೆ ಕೆಲಸಕ್ಕಾಗಿ ಹೊರಡುವುದನ್ನು ತಡೆಯುವುದು ಅದರ ಉದ್ದೇಶಗಳಲ್ಲೊಂದು. ಸೇವೆಯಲ್ಲಿರುವವರಿಂದಲೂ ನಿವೃತ್ತರಿಂದಲೂ ತೀವ್ರ ವಿರೋಧ ಬಂತು. ಸೇರುವಾಗ ಕೊಟ್ಟ ಮಾತನ್ನು ನಡುವೆ ಬದಲಿಸಿದರೆ ಮುಂದೆ ಸೇರುವವರು ಹಿಂಜರಿಯುತ್ತಾರೆ ಎಂಬುದು ಆಕ್ಷೇಪದ ಸಾರವಾಗಿತ್ತು. ಪ್ರಸ್ತಾವ ಜಾರಿಯಾಗಲಿಲ್ಲ.

ಅಮೆರಿಕದ ಪಾಠ

ಈ ಸಮಸ್ಯೆ ಭಾರತಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ವಾಯುಪಡೆಯಲ್ಲಿ 2017-18ರ ಹೊತ್ತಿಗೆ ಪೈಲಟ್‌ಗಳ ಕೊರತೆ ಎರಡು ಸಾವಿರದ ಸಮೀಪ ತಲುಪಿತ್ತು. ಅಲ್ಲಿಯೂ ಕಾರಣ ನಾಗರಿಕ ವಿಮಾನಯಾನ. 2007ರ ಡಿಸೆಂಬರ್‌ನಲ್ಲಿ ವಿಮಾನಯಾನ ಪೈಲಟ್‌ಗಳ ನಿವೃತ್ತಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದ್ದರಿಂದ ಐದು ವರ್ಷ ನಿವೃತ್ತಿಗಳು ಮುಂದಕ್ಕೆ ಹೋದವು. 2012ರ ಕೊನೆಯಿಂದ ಖಾಲಿ ಹುದ್ದೆಗಳು ತೆರೆದುಕೊಂಡವು. 2013ರಲ್ಲಿ ಸಹಪೈಲಟ್‌ಗಳಿಗೂ 1,500 ಗಂಟೆಗಳ ಹಾರಾಟ ಅನುಭವ ಕಡ್ಡಾಯವಾಯಿತು. ಸೇನೆಯಿಂದ ಬಂದವರಿಗೆ ಈ ಮಿತಿ 750 ಗಂಟೆ. ಇದರಿಂದ ಸೇನಾ ಪೈಲಟ್‌ಗಳ ಬೆಲೆ ಒಮ್ಮೆಗೇ ಏರಿತು.

ಅಮೆರಿಕ ಮೊದಲು ಬಳಸಿದ ಅಸ್ತ್ರ ಬೋನಸ್. ತರಬೇತಿ ಮುಗಿದ ಮೇಲೆ ಪೈಲಟ್ ಹತ್ತು ವರ್ಷ ಸೇವೆಗೆ ಬದ್ಧ. ಆ ಅವಧಿ ಮುಗಿದಾಗ ಇನ್ನಷ್ಟು ವರ್ಷ ಉಳಿಯುವುದಾಗಿ ಕರಾರು ಬರೆದುಕೊಟ್ಟರೆ ವರ್ಷಕ್ಕೆ ಇಂತಿಷ್ಟು ಎಂದು ವಿಶೇಷ ಹಣ. ಅದರ ಮಿತಿ ಬಹುಕಾಲ 25 ಸಾವಿರ ಡಾಲರ್‌ನಲ್ಲೇ ನಿಂತಿತ್ತು. 2017ರ ಆರ್ಥಿಕ ವರ್ಷದ ಕಾನೂನು ಅದನ್ನು 35 ಸಾವಿರಕ್ಕೆ, 2023ರದು 50 ಸಾವಿರಕ್ಕೆ ಏರಿಸಿತು. ಆದರೂ 2017ರಲ್ಲಿ ಅರ್ಹರ ಪೈಕಿ ಅರ್ಧಕ್ಕಿಂತ ಕಡಿಮೆ ಮಂದಿ ಮಾತ್ರ ಕರಾರಿಗೆ ಸಹಿ ಹಾಕಿದರು. 2023ರಲ್ಲಿ ಡೆಲ್ಟಾ ಸಂಸ್ಥೆ ತನ್ನ ಪೈಲಟ್‌ಗಳಿಗೆ ನಾಲ್ಕು ವರ್ಷಗಳಲ್ಲಿ ಒಟ್ಟು ಶೇ. 34ರಷ್ಟು ವೇತನ ಹೆಚ್ಚಳಕ್ಕೆ ಒಪ್ಪಿತು. ಇತರ ಸಂಸ್ಥೆಗಳೂ ಅದೇ ಹಾದಿ ಹಿಡಿದವು. ಸರ್ಕಾರ ಒಂದು ಹೆಜ್ಜೆ ಇಟ್ಟರೆ ಮಾರುಕಟ್ಟೆ ಎರಡು ಹೆಜ್ಜೆ ಇಡುತ್ತದೆ.

ಹಾಗೆಂದು ಬೋನಸ್ ವ್ಯರ್ಥವೆಂದಲ್ಲ. ಹೊಸಬರನ್ನು ತಯಾರಿಸುವುದಕ್ಕಿಂತ ಇರುವವರಿಗೆ ಹೆಚ್ಚು ಹಣ ಕೊಟ್ಟು ಉಳಿಸಿಕೊಳ್ಳುವುದೇ ಸರ್ಕಾರಕ್ಕೆ ಅಗ್ಗ ಎಂಬುದು ರ‍್ಯಾಂಡ್ ಅಧ್ಯಯನದ ಮುಖ್ಯ ತೀರ್ಮಾನ. ಜೊತೆಗೆ 2016ರಲ್ಲಿ ಅಲ್ಲಿನ ವಾಯುಪಡೆ ಸ್ಕ್ವಾಡ್ರನ್‌ಗಳ ಮೇಲಿದ್ದ ಹೆಚ್ಚುವರಿ ಕಾಗದಪತ್ರದ ಕೆಲಸಗಳನ್ನು ಕಡಿತಗೊಳಿಸಲು ಮುಂದಾಯಿತು. ಹಣದ ಜೊತೆಗೆ ಬದುಕಿನ ಗುಣಮಟ್ಟವೂ ಸುಧಾರಿಸಬೇಕೆಂಬ ಅರಿವು ಅದರ ಹಿಂದಿತ್ತು.

ಬ್ರಿಟನ್ನಿನ ಅನುಭವ ಇನ್ನೊಂದು ಎಚ್ಚರಿಕೆ. ಅಲ್ಲಿನ ಸುಮಾರು 30 ಮಾಜಿ ಸೇನಾ ಪೈಲಟ್‌ಗಳು ಚೀನಾದ ಪಡೆಗೆ ತರಬೇತಿ ನೀಡಲು ಹೋಗಿದ್ದರೆಂದು 2022ರ ಅಕ್ಟೋಬರ್‌ನಲ್ಲಿ ಬಹಿರಂಗವಾಯಿತು. ಅವರಿಗೆ ವರ್ಷಕ್ಕೆ ಸುಮಾರು 2,40,000 ಪೌಂಡ್ ಆಮಿಷ ಒಡ್ಡಲಾಗಿತ್ತೆಂದು ವರದಿಯಾಗಿತ್ತು. ಸೇವೆ ತೊರೆದ ಪೈಲಟ್ ಜ್ಞಾನವನ್ನೂ ತನ್ನೊಡನೆ ಕೊಂಡೊಯ್ಯುತ್ತಾನೆ.

ಎಂಟನೇ ಆಯೋಗದ ಮುಂದಿರುವ ಪ್ರಶ್ನೆ

ಭಾರತದ ವೇತನ ರಚನೆಯಲ್ಲಿ ಇಂಥ ಕರಾರು ಬೋನಸ್‌ಗೆ ಇದುವರೆಗೆ ಸ್ಥಾನ ಸಿಕ್ಕಿಲ್ಲ. ಇಲ್ಲಿ ವೇತನ ಪರಿಷ್ಕರಣೆ ಹತ್ತು ವರ್ಷಕ್ಕೊಮ್ಮೆ. ವಿಮಾನಯಾನದ ಮಾರುಕಟ್ಟೆ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ನೇತೃತ್ವದಲ್ಲಿ 2025ರ ನವೆಂಬರ್‌ನಲ್ಲಿ ರಚನೆಯಾದ ಎಂಟನೇ ವೇತನ ಆಯೋಗಕ್ಕೆ ವರದಿ ಸಲ್ಲಿಸಲು 18 ತಿಂಗಳ ಕಾಲಾವಕಾಶ ನೀಡಲಾಗಿದೆ. ರಕ್ಷಣಾ ಪಡೆಗಳ ವೇತನವೂ ಅದರ ವ್ಯಾಪ್ತಿಯಲ್ಲಿದೆ.

ಆಯೋಗದ ಮುಂದೆ ಒಂದು ಧರ್ಮಸಂಕಟವಿದೆ. ಪೈಲಟ್‌ಗಳಿಗೆ ಮಾರುಕಟ್ಟೆಯಲ್ಲಿ ಬೇಡಿಕೆಯಿದೆ ಎಂಬ ಕಾರಣಕ್ಕೆ ಹೆಚ್ಚು ಕೊಟ್ಟರೆ, ಸಿಯಾಚಿನ್‌ನ ಹಿಮದಲ್ಲಿ ನಿಂತ ಕಾಲಾಳು ಪಡೆಯ ಅಧಿಕಾರಿ ಏನು ತಿಳಿದಾನು? 2017ರ ಪರಿಷ್ಕರಣೆಯಲ್ಲಿ ಸಿಯಾಚಿನ್ ಭತ್ಯೆ ಅಧಿಕಾರಿಗಳಿಗೆ 42,500 ರೂಪಾಯಿಗೆ, ಹಾರಾಟ ಭತ್ಯೆ 25,000 ರೂಪಾಯಿಗೆ ನಿಗದಿಯಾಗಿದ್ದು ಅಪಾಯ ಮತ್ತು ಕಷ್ಟದ ಆಧಾರದ ಮೇಲೆ. ಆ ಅಳತೆಗೋಲು ಕಷ್ಟವನ್ನು ಅಳೆಯುತ್ತದೆ, ಹೊರಗಿನ ಬೇಡಿಕೆಯನ್ನಲ್ಲ. ಇವೆರಡನ್ನು ಒಂದೇ ಭತ್ಯೆಯಲ್ಲಿ ಬೆರೆಸಿದರೆ ಪಡೆಗಳ ನಡುವೆ ಅಸಮಾಧಾನ ಹುಟ್ಟುವುದು ಖಚಿತ. ಉಳಿಕೆಯ ಬೋನಸ್ ಅನ್ನು ಭತ್ಯೆಯಿಂದ ಬೇರ್ಪಡಿಸಿ, ನಿಶ್ಚಿತ ವರ್ಷಗಳ ಕರಾರಿಗೆ, ಕೊರತೆಯಿರುವ ವಿಭಾಗಗಳಿಗೆ ಮಾತ್ರ ಸೀಮಿತಗೊಳಿಸಿದರೆ ಈ ತೊಡಕು ಸ್ವಲ್ಪಮಟ್ಟಿಗೆ ಬಿಡಿಸಿಕೊಳ್ಳಬಹುದು.

ಹಣ ಬೇಡದ ಮಾರ್ಗಗಳೂ ಇವೆ. ಹುದ್ದೆಯ ಆಸೆ ಬಿಟ್ಟು ಕೊನೆಯವರೆಗೂ ಹಾರಲು ಇಚ್ಛಿಸುವವರಿಗೆ ಪ್ರತ್ಯೇಕ ಹಾದಿ ತೆರೆಯುವುದು, ಮಕ್ಕಳ ಓದಿನ ಮುಖ್ಯ ಘಟ್ಟದಲ್ಲಿ ವರ್ಗಾವಣೆ ತಡೆಯುವುದು, 14 ವರ್ಷ ಮುಗಿಸಿದ ಅಲ್ಪಾವಧಿ ಪೈಲಟ್‌ಗಳಲ್ಲಿ ಬೇಕಾದವರನ್ನು ಮುಂದುವರಿಸುವುದು ಇವುಗಳಲ್ಲಿ ಕೆಲವು. ಸುಖೋಯ್‌ನಂಥ ಎರಡು ಆಸನದ ವಿಮಾನದ ಹಿಂದಿನ ಆಸನಕ್ಕೆ ಶಸ್ತ್ರಾಸ್ತ್ರ ವ್ಯವಸ್ಥೆ ಶಾಖೆಯ ಅಧಿಕಾರಿಗಳನ್ನು ತಯಾರಿಸುತ್ತಿರುವುದು ಪೈಲಟ್‌ಗಳ ಮೇಲಿನ ಒತ್ತಡವನ್ನು ತಗ್ಗಿಸುವ ದಿಸೆಯಲ್ಲಿ ಒಳ್ಳೆಯ ಹೆಜ್ಜೆ.

ಇಂದಿನ ಉಪೇಕ್ಷೆ, ನಾಳಿನ ಕೊರತೆ

ವಿಮಾನಗಳೇ ಕಡಿಮೆಯಿರುವಾಗ ಪೈಲಟ್ ಕೊರತೆಯ ಚಿಂತೆ ಏಕೆ ಎಂದು ಕೇಳಬಹುದು. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಸಂಖ್ಯೆ 29ಕ್ಕೆ ಇಳಿಯಿತು, ಮಂಜೂರಾದದ್ದು 42. ಆದರೆ ಯುದ್ಧಕಾಲದಲ್ಲಿ ಒಂದೇ ವಿಮಾನ ಹಗಲಿರುಳು ಮತ್ತೆ ಮತ್ತೆ ಹಾರಬೇಕಾಗುತ್ತದೆ, ಒಬ್ಬನೇ ಪೈಲಟ್ ಹಾಗೆ ಹಾರಲಾರ. ಅದಕ್ಕಾಗಿ ಪ್ರತಿ ಯುದ್ಧವಿಮಾನಕ್ಕೆ 1.25 ಪೈಲಟ್‌ಗಳಿರಬೇಕೆಂಬ ಮಂಜೂರಾತಿ ಇದ್ದರೂ ಇದ್ದದ್ದು 0.81 ಮಾತ್ರ ಎಂದು ರಕ್ಷಣಾ ಸ್ಥಾಯಿ ಸಮಿತಿ 2014ರಲ್ಲೇ ಎಚ್ಚರಿಸಿತ್ತು.

ಜೊತೆಗೆ ವಿಮಾನಗಳು ಬರಲಿವೆ. ಬೆಂಗಳೂರಿನ ಎಚ್‌ಎಎಲ್‌ಗೆ 2021ರಲ್ಲಿ 83, 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ತೇಜಸ್ ಎಂಕೆ-1ಎ ವಿಮಾನಗಳಿಗೆ ಬೇಡಿಕೆ ಸಲ್ಲಿಸಲಾಗಿದೆ. ಅವು ತಡವಾಗಿ ಬಂದಾವು, ಆದರೆ ಬಂದೇ ಬರುತ್ತವೆ. ಅವುಗಳ ಸ್ಕ್ವಾಡ್ರನ್‌ಗಳನ್ನು 2030ರ ದಶಕದಲ್ಲಿ ಮುನ್ನಡೆಸಬೇಕಾದವರು ಇಂದು ಸ್ಕ್ವಾಡ್ರನ್ ಲೀಡರ್, ಫ್ಲೈಟ್ ಲೆಫ್ಟಿನೆಂಟ್ ಹುದ್ದೆಯಲ್ಲಿದ್ದಾರೆ. ಅವರ ವಿಮಾನಗಳಲ್ಲಿ ಹಾರಬೇಕಾದ ಕಿರಿಯರು ಬೀದರ್‌ನಲ್ಲಿ ಕಲಿಯುತ್ತಿದ್ದಾರೆ. ಹತ್ತು ವರ್ಷಗಳ ಅನುಭವವಿರುವ ಪೈಲಟ್ ಬೇಕೆಂದರೆ ಹತ್ತು ವರ್ಷ ಕಾಯಲೇಬೇಕು. ಆ ಕಾಲವನ್ನು ಯಾವ ಆಯೋಗವೂ ಮಂಜೂರು ಮಾಡಲಾರದು. ಅನುಭವಿಗಳು ನಲವತ್ತೆರಡರ ತಿರುವಿನಲ್ಲಿ ನಿಂತು ಯೋಚಿಸುವಾಗ ಅವರ ತಕ್ಕಡಿಯ ಸರ್ಕಾರದ ತಟ್ಟೆಯಲ್ಲಿ ಏನನ್ನು ಇಡಬೇಕು ಎಂಬುದಷ್ಟೇ ಈಗ ನಮ್ಮ ಕೈಯಲ್ಲಿರುವ ವಿಷಯ.